ಕುದಿಸಿದ ಎಣ್ಣೆ

ಹರಳೆಣ್ಣೆ ವಾಸನೆ ಮೂಗಿಗೆ ಬಡಿದ್ರೆ ಇವತ್ತಿಗೂ ನನಗೆ ಮೈ ಉರಿಯುತ್ತೆ. ತಲೆಗೆ ತಂಪು, ಕಣ್ಣಿಗೆ ತಂಪು ಅಂತಾರೆ ಜನ. ಆಗ್ಲಿ, ಅವರವರ ತಲೆಗೆ ಅವರವರು ಹಚ್ಕೊಳ್ಳಲಿ. ನನ್ನ ಹತ್ರ ಮಾತ್ರ ಆ ಸೀಸೆ ತರಬೇಡಿ.

ನನ್ನ ಹೆಸರು ಮುನಿಕೃಷ್ಣಮ್ಮ, ಊರು ಅಮೃತಹಳ್ಳಿ. ನಾನು ಹೇಳ್ತಿರೋದು ಅರವತ್ತೆರಡನೇ ಇಸವಿ ಏಪ್ರಿಲ್ ತಿಂಗಳ ಮಾತು. ಮನೇಲಿ ಇದ್ದೋರು ಮೂರೇ ಜನ, ಅವ್ವ, ಅಣ್ಣ, ನಾನು. ನಾನು ಆರು ವರ್ಷದೋಳಿದ್ದಾಗ್ಲೇ ಅಪ್ಪ ತೀರ್ಕೊಂಡಿದ್ದ. ಅಣ್ಣ ರಾಮಕೃಷ್ಣಪ್ಪ ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ನೇಗಿಲು ಹಿಡಿದೋನು. ದೊಡ್ಡೋನಾದ ಮೇಲೆ ಜಕ್ಕೂರಿನ ಕಡೆ ಇದ್ದ ಒಬ್ಬ ರಿಟೈರಾದ ಮಿಲಿಟರಿ ಸಾಹೇಬರ ಮನೇಲಿ ಡ್ರೈವರಾಗಿ ಸೇರ್ಕೊಂಡ. ನನ್ನ ಸ್ಕೂಲು ಮಾತ್ರ ಬಿಡಿಸ್ಲಿಲ್ಲ. ಎಸ್ಸೆಸ್ಸೆಲ್ಸಿ ಆಯ್ತು, ಟೀಚರ್ ಟ್ರೈನಿಂಗೂ ಆಯ್ತು. ಊರಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದ್ರೂ ನನ್ನ ಹತ್ರಾನೇ ತರೋರು. ಅದರ ಜಂಬ ನನಗೆ ಅಷ್ಟಿಷ್ಟಲ್ಲ, ಕಣ್ಣು ನೆತ್ತಿ ಮೇಲಿತ್ತು.

ಹಂಗಿರುವಾಗ ಟೀಚರ್ ಕೆಲಸದ ಇಂಟರ್ವ್ಯೂಗೆ ಕಾಗದ ಬಂತು. ಅವ್ವ ಖುಷಿ ಪಡೋದು ಬಿಟ್ಟು ಕರಾರು ಹಾಕಿದ್ಲು.

"ಕೆಲ್ಸ ಸಿಕ್ಕಿದ್ರೆ ಸರಿ ಕಣಮ್ಮಿ. ಸಿಗ್ಲಿಲ್ವಾ, ಇದೇ ವೈಶಾಖದಾಗೆ ನನ್ ತಮ್ಮ ಚಿಕ್ಕಬೈರಪ್ಪಂಗೆ ಕೊಟ್ಟು ಧಾರೆ ಎರೆದುಬುಡ್ತೀನಿ. ಇನ್ನೆಷ್ಟು ವರ್ಸ ಪುಸ್ತಕ ತಬ್ಕಂಡು ಕುಂತಿರ್ತೀಯ?"

ಚಿಕ್ಕಬೈರಪ್ಪ ಮಾವ ಕೆಟ್ಟೋನೇನಲ್ಲ. ನನಗಿಂತ ಹದಿನಾರು ವರ್ಷ ದೊಡ್ಡೋನು, ಮೊದಲ ಹೆಂಡ್ತಿ ತೀರ್ಕೊಂಡಿದ್ಲು, ಬಾಯ್ತುಂಬ ಹೊಗೆಸೊಪ್ಪು. ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ನಾನು ಹೆಬ್ಬಾಳದ ಕೆರೆ ನೋಡಿದ್ದೆ. ಅಂಥೋನಿಗೆ ಹೆಂಡ್ತಿಯಾಗೋದಾ? ನನಗೆ ಬೇಕಾಗಿದ್ದು ಒಂದು ಕರೀ ಬೋರ್ಡು, ಒಂದು ಸೀಮೆಸುಣ್ಣದ ಪೆಟ್ಟಿಗೆ, ಎದುರಿಗೆ ನಲವತ್ತು ಮಕ್ಕಳು. ಅಷ್ಟೇ.

ಅದೇ ಹೊತ್ತಿಗೆ ಸಾಹೇಬರು ತಮ್ಮ ಊರಿಗೆ ಹೊರಟು, ತಮ್ಮ ಹಳೇ ಆಸ್ಟಿನ್ ಕಾರನ್ನ ಅಣ್ಣನಿಗೇ ಬಿಟ್ಟು ಹೋಗಿದ್ರು. ಹೊರಗಡೆ ಏನೋ ಪರವಾಗಿಲ್ಲ, ಒಳಗಡೆ ನೋಡೋ ಹಂಗಿರಲಿಲ್ಲ. ಸೀಟಿನ ಚರ್ಮ ಬಿರುಕು ಬಿಟ್ಟು, ಬಣ್ಣ ಹೋಗಿ, ಕೆಸರಿನ ಗದ್ದೆ ಒಣಗಿದಂಗಿತ್ತು. ಬಾಗಿಲ ಒಳಗಿನ ಹಲಗೆಗಳನ್ನ ಸಾಹೇಬರ ನಾಯಿ ಕೆರೆದು ಹಾಕಿತ್ತು.

"ನೋಡ್ತಿರು ಕೃಷ್ಣಿ, ಒಳಗೆಲ್ಲ ಬಣ್ಣ ಒಡೆದು ಒಸಾದು ಮಾಡ್ಬುಡ್ತೀನಿ. ನನ್ ತಂಗಿ ಇಂಟ್ರೂಗೆ ಬಸ್ಸಲ್ಲಿ ನೇತಾಡ್ಕಂಡು ಓಗ್ಬೇಕಾ? ಕಾರಿಂದ ಇಳೀಬೇಕು ನೀನು. ಆಫೀಸಿನೋರು ಎದ್ದು ನಿಲ್ಬೇಕು" ಅಂದ ಅಣ್ಣ.

"ನನಗೆ ಬಸ್ಸೇ ಸಾಕು, ಯಾರೂ ಎದ್ದು ನಿಲ್ಲೋದು ಬೇಡ" ಅಂದೆ. ಕೇಳ್ತಾನಾ? ಹೆಬ್ಬಾಳದಲ್ಲಿ ಮೆಕ್ಯಾನಿಕ್ ಕೆಲಸ ಮಾಡ್ತಿದ್ದ ನೂರುಲ್ಲಾ ಹತ್ರ ಹೋಗಿ ಒಂದು ಡಬ್ಬ ಬಣ್ಣ ತಂದ. ಕುಂಕುಮದ ಕೆಂಪು. ಬೆಣ್ಣೆ ಹಂಗೆ ಗಟ್ಟಿ. ಅದಕ್ಕೆ ಏನೋ ಬೆರೆಸಿ ತೆಳ್ಳಗೆ ಮಾಡ್ಕೋಬೇಕಿತ್ತು. "ಏನು ಬೆರೆಸ್ಬೇಕು ಅಂತ ಡಬ್ಬದ ಮೇಲೇ ಇಂಗ್ಲಿಷಲ್ಲಿ ಬರೆದೈತೆ, ನಿನ್ ತಂಗಿ ಓದ್ದೋಳಲ್ವಾ, ಓದಿಸ್ಕೋ" ಅಂತ ನೂರುಲ್ಲಾ ಹೇಳಿ ಕಳಿಸಿದ್ನಂತೆ.

ನಾನು ಜಗಲಿ ಮೇಲೆ ಕೂತು ಭೂಗೋಳ ಉರು ಹೊಡೀತಿದ್ದೆ. ಅಣ್ಣ ಡಬ್ಬ ಹಿಡ್ಕೊಂಡು ಬಂದು ಎದುರಿಗೆ ನಿಂತ. "ಇದೇನಂತೆ ನೋಡೇ."

ಮೂಗಿನ ತುದೀಲೇ ಕೋಪ ನನಗೆ. ಡಬ್ಬ ಕಿತ್ಕೊಂಡು ಓದಿದೆ. ಥಿನ್ ವಿತ್ ಬಾಯಿಲ್ಡ್ ಆಯಿಲ್. ಇದೇನು ಮಹಾ? "ಕುದಿಸಿದ ಎಣ್ಣೆ ಬೆರೆಸಿ ತೆಳ್ಳಗೆ ಮಾಡ್ಕೋಬೇಕಂತೆ. ಹೋಗು, ನನ್ನ ತಲೆ ತಿನ್ಬೇಡ" ಅಂದೆ. ಅರ್ಧ ನಿಮಿಷದ ಕೆಲಸ. ಇದೊಂದನ್ನ ನೀವು ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ನಾನು ಆಗ್ಲೇ ಮರೆತೆ.

ನಮ್ಮನೇಲಿ ಕುದಿಸಿದ ಎಣ್ಣೆ ಅಂದ್ರೆ ಇದ್ದದ್ದು ಒಂದೇ. ಅವ್ವ ಹರಳು ಹುರಿದು, ಕುಟ್ಟಿ, ನೀರಲ್ಲಿ ಹಾಕಿ ಕುದಿಸಿ, ಮೇಲೆ ತೇಲಿದ್ದನ್ನ ಸೌಟಲ್ಲಿ ತೆಗೆದು ತುಂಬಿಟ್ಟ ಹರಳೆಣ್ಣೆ. ಗಾಣದ ಎಣ್ಣೆ ಬೇರೆ, ಕುದಿಸಿದ ಎಣ್ಣೆ ಬೇರೆ ಅಂತ ನಮ್ಮೂರಲ್ಲಿ ಎಳೇ ಮಕ್ಕಳಿಗೂ ಗೊತ್ತು. ಅಣ್ಣ ಅವ್ವನ ಗಡಿಗೆ ಬಗ್ಗಿಸ್ಕೊಂಡು ಬಣ್ಣಕ್ಕೆ ಬೆರೆಸಿದ. ಗೋಡೆಗೆ ಸುಣ್ಣ ಬಳಿಯೋ ಕತ್ತಾಳೆ ನಾರಿನ ಕುಂಚ ತಗೊಂಡು ಎರಡು ದಿನ ಕಾರೊಳಗೇ ಮಂಡಿಯೂರಿದ. ಸೀಟು, ಬಾಗಿಲ ಹಲಗೆ, ಕೈಯಿಡೋ ಜಾಗ, ಏನೂ ಬಿಡ್ಲಿಲ್ಲ. ಬೆವರು, ಬಣ್ಣ ಎರಡೂ ಸೇರಿ ಅವನ ಮುಖ ಮಾರಮ್ಮನ ಮುಂದಿನ ಕುಂಬಳಕಾಯಿ ಹಂಗಾಗಿತ್ತು.

ಹೊಳಪು ಮಾತ್ರ ಏನು ಹೊಳಪು! ಪಕ್ಕದ ಮನೆ ಪಟಾಲಮ್ಮತ್ತೆ ಬಗ್ಗಿ ತನ್ನ ಮುಖ ನೋಡ್ಕೊಂಡ್ಲು. "ಎಲಾ ಇವ್ನ, ರಾಜರ ರಥ ಆಗೈತಲ್ಲೋ" ಅಂದ್ಲು. ಅಣ್ಣ ಮೀಸೆ ತಿರುವಿದ. ಮೂರನೇ ದಿನ ಮುಟ್ಟಿದ್ರೆ ಬೆರಳು ಅಂಟ್ತಿತ್ತು. ನಾಲ್ಕನೇ ದಿನಾನೂ ಅಂಟ್ತಿತ್ತು. ಬಾಗಿಲೆಲ್ಲ ತೆಗೆದು ಬಿಸಿಲಿಗೆ ನಿಲ್ಲಿಸಿದ. "ಬಿಸಿಲು ಕುಡೀಲಿ, ಒಣಗ್ತದೆ" ಅಂದ್ಲು ಅವ್ವ. ಹರಳೆಣ್ಣೆ ಯಾವ ಜನ್ಮದಲ್ಲಿ ಒಣಗಿದೆ ಹೇಳಿ?

ಇಂಟರ್ವ್ಯೂ ದಿನ ಬೆಳಗ್ಗೆ ನಾನು ಬಿಳೀ ವಾಯಿಲ್ ಸೀರೆ ಉಟ್ಕೊಂಡೆ. ಟ್ರೈನಿಂಗ್ ಮುಗಿದಾಗ ತಗೊಂಡಿದ್ದು, ನನ್ನ ಹತ್ರ ಇದ್ದ ಒಂದೇ ಒಂದು ಒಳ್ಳೇ ಸೀರೆ. "ಬಣ್ಣ ಒಣಗಿದ್ಯಾ?" ಅಂತ ಕೇಳಿದೆ. "ಒಣಗೈತೆ ಕಣವ್ವ, ಅದ್ರ ಮೇಲೆ ಎರಡು ದುಪ್ಪಟಿ ಬೇರೆ ಆಸಿವ್ನಿ, ಕುಂತ್ಕೋ" ಅಂದ. ಕೂತೆ. ಏಪ್ರಿಲ್ ಬಿಸಿಲು. ಮೇಖ್ರಿ ಸರ್ಕಲ್ ದಾಟೋ ಹೊತ್ತಿಗೆ ಕಾರೊಳಗೆ ಒಲೆ ಮುಂದೆ ಕೂತಂಗಿತ್ತು, ಹರಳೆಣ್ಣೆ ವಾಸನೆಗೆ ತಲೆ ತಿರುಗ್ತಿತ್ತು. ನಾನು ಕಿಟಕಿ ಆಚೆ ಮುಖ ಇಟ್ಕೊಂಡು ರಾಜಧಾನಿಗಳ ಹೆಸರು ಹೇಳ್ಕೊಳ್ತಿದ್ದೆ.

ಆಫೀಸಿನ ಮುಂದೆ ಇಳಿದಾಗ ಸೀರೆ ದುಪ್ಪಟಿಗೆ ಸ್ವಲ್ಪ ಅಂಟಿದಂಗಾಯ್ತು. ಬೆವರು ಅಂದ್ಕೊಂಡೆ. ವರಾಂಡದಲ್ಲಿ ಏಳೆಂಟು ಹುಡುಗೀರು ಕೂತಿದ್ರು. ನಾನು ಅವರನ್ನ ದಾಟಿ ಮುಂದೆ ಹೋದೆ, ಹಿಂದೆ ಕಿಸಕ್ ಅಂತ ಒಂದು ನಗು. ಆಮೇಲೆ ಪಿಸುಪಿಸು. ಆಫೀಸಿನ ಆಯಾ ಓಡಿ ಬಂದು ನನ್ನ ತೋಳು ಹಿಡ್ಕೊಂಡು ಮೂಲೆಗೆ ಎಳೆದ್ಲು.

"ಹೊರಗಾಗಿದೀಯೇನವ್ವ? ಹಿಂದೆ ನೋಡ್ಕೋ. ನನ್ ಹತ್ರ ಬಟ್ಟೆ ಅದೆ, ಬಾ."

ಸೆರಗು ಎಳೆದು ಹಿಂದೆ ನೋಡ್ಕೊಂಡೆ. ದೇವರೇ! ಬಿಳೀ ಸೀರೆ, ಕೂರೋ ಜಾಗದಲ್ಲಿ ಎರಡು ಅಂಗೈಯಗಲ ಕೆಂಪು. ಹಸೀ ಕೆಂಪು, ಎರಡೂ ದುಪ್ಪಟಿ ನೆನೆಸ್ಕೊಂಡು ಬಂದದ್ದು. "ಇದು ಪೇಂಟು" ಅಂದೆ. ಆಯಾ ನನ್ನ ಮುಖ ನೋಡಿ, "ಆಯ್ತವ್ವ, ಪೇಂಟೇ ಇರ್ಲಿ, ಮನೆಗೋಗು" ಅಂದ್ಲು ಕನಿಕರದಿಂದ. ನಂಬ್ಲಿಲ್ಲ. ಯಾರು ನಂಬ್ತಾರೆ? ನಲ್ಲಿ ಹತ್ರ ಹೋಗಿ ತೊಳೆದೆ. ಎಣ್ಣೆ ಬಣ್ಣ ನೀರಿಗೆ ಹೋಗುತ್ತಾ? ಇನ್ನಷ್ಟು ಹರಡ್ಕೊಳ್ತು. ಆ ಹೊತ್ತಲ್ಲಿ ಅಣ್ಣ ನನ್ನ ಕೈಗೆ ಸಿಕ್ಕಿದ್ರೆ ಅದೇ ನಲ್ಲಿ ಕೆಳಗೆ ಅವನ ತಲೆ ಇಟ್ಟು ಉಜ್ಜಿಬಿಡ್ತಿದ್ದೆ. ನನ್ನ ಮಾನ, ನನ್ನ ಕೆಲಸ, ಎರಡನ್ನೂ ಕಾರಿನ ಸೀಟಿಗೆ ಬಳಿದಿದ್ನಲ್ಲ, ಹಾಳಾದೋನು!

ಅಷ್ಟೊತ್ತಿಗೆ ನನ್ನ ಹೆಸರು ಕೂಗಿದ್ರು.

ಮನೆಗೆ ಹೋಗ್ಬೋದಿತ್ತು. ಮನೇಲಿ ವೈಶಾಖ ಕಾಯ್ತಿತ್ತು, ಚಿಕ್ಕಬೈರಪ್ಪ ಮಾವ ಕಾಯ್ತಿದ್ದ. ಹೋಗ್ಲಿಲ್ಲ. ಸೆರಗನ್ನ ಹಿಂದಿನಿಂದ ಸುತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಒಳಗೆ ನಡೆದೆ.

ಒಳಗೆ ಮೂರು ಜನ ಗಂಡಸರು. ನಡುವೆ ಕೂತಿದ್ದೋರು ವಯಸ್ಸಾದೋರು, ದಪ್ಪ ಕನ್ನಡಕ. "ಕೂತ್ಕೊಳಮ್ಮ" ಅಂದ್ರು. "ಪರವಾಗಿಲ್ಲ ಸಾರ್, ನಿಂತ್ಕೊಳ್ತೀನಿ" ಅಂದೆ. ಭೂಗೋಳ ಕೇಳಿದ್ರು, ಹೇಳಿದೆ. ಲೆಕ್ಕ ಕೇಳಿದ್ರು, ಹೇಳಿದೆ. ಒಂದಕ್ಕೂ ತಡವರಿಸ್ಲಿಲ್ಲ. ಒಳಗೆ ಅಷ್ಟು ಕೋಪ ಇದ್ರೆ ಮಾತು ತಾನಾಗೇ ಬರುತ್ತೆ ಅಂತ ಅವತ್ತು ಗೊತ್ತಾಯ್ತು. ಆಮೇಲೆ ಅವರು ಗೋಡೆ ಕಡೆ ಕೈ ತೋರಿಸಿದ್ರು.

"ಮೂರನೇ ಕ್ಲಾಸಿಗೆ ಕೆರೆ ಬಗ್ಗೆ ಪಾಠ ಮಾಡ್ಬೇಕು ಅಂದ್ಕೋ. ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಮ್ಮ."

ಬೋರ್ಡಲ್ಲಿ ಬರೀಬೇಕಂದ್ರೆ ಬೆನ್ನು ತಿರುಗಿಸ್ಬೇಕು. ಅಷ್ಟೂ ದಿನ ಆ ಬೋರ್ಡಿಗೋಸ್ಕರ ಬಾಯಿ ಬಾಯಿ ಬಿಟ್ಟಿದ್ದೆ, ಈಗ ಅದೇ ಬೋರ್ಡು ನನ್ನ ಮಾನ ಕೇಳ್ತಿತ್ತು. ಸೆರಗು ಬೇರೆ ಒದ್ದೆಯಾಗಿ, ಬಣ್ಣ ಅದಕ್ಕೂ ಹತ್ತಿತ್ತು. ಸೀಮೆಸುಣ್ಣ ಕೈಗೆ ತಗೊಂಡು ಅವರನ್ನ ನೇರ ನೋಡಿದೆ.

"ಸಾರ್, ನನ್ನ ಸೀರೆಗೆ ಹಿಂದೆ ಕೆಂಪು ಬಣ್ಣ ಆಗಿದೆ. ಕಾರಿನ ಸೀಟಿಗೆ ಹೊಡೆದ ಪೇಂಟು. ಪೇಂಟೇ. ಬೇರೆ ಏನೂ ಅಲ್ಲ. ಈಗ ನಾನು ತಿರುಗ್ತೀನಿ" ಅಂದೆ.

ತಿರುಗಿದೆ. ಕೆರೆ ಏರಿ ಬರೆದೆ, ತೂಬು ಬರೆದೆ, ತೂಬಿನಿಂದ ಕಾಲುವೆ ಎಳೆದೆ. ಪಾಠ ಮುಗಿಸಿ ತಿರುಗಿ ನೋಡಿದ್ರೆ ಅಕ್ಕಪಕ್ಕದೋರಿಬ್ಬರೂ ಕಾಗದದೊಳಗೆ ಮುಖ ಹುದುಗಿಸಿದ್ರು. ಕನ್ನಡಕದೋರು ಮಾತ್ರ ನನ್ನನ್ನೇ ನೋಡ್ತಿದ್ರು.

"ಪೇಂಟು ಯಾಕಮ್ಮ ಒಣಗ್ಲಿಲ್ಲ? ಏನು ಬೆರೆಸಿದ್ರಿ?"

"ಹರಳೆಣ್ಣೆ ಸಾರ್."

ಅವರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಹುಚ್ಚೀ! ಅದಕ್ಕೆ ಬಾಯಿಲ್ಡ್ ಆಯಿಲ್ ಹಾಕ್ಬೇಕು. ಅಂದ್ರೆ ಅಗಸೆ ಎಣ್ಣೆ ಕಣಮ್ಮ, ಪೇಂಟ್ ಅಂಗಡೀಲಿ ಆ ಹೆಸರಲ್ಲೇ ಸಿಗುತ್ತೆ. ಡಬ್ಬದ ಮೇಲೆ ಬರೆದಿರ್ತಾರಲ್ಲ, ಯಾರೂ ಓದ್ಲಿಲ್ವಾ?"

ಬಾಯಿಲ್ಡ್ ಆಯಿಲ್. ಕೈಲಿದ್ದ ಸೀಮೆಸುಣ್ಣ ಮುರೀತು. ಜಗಲಿ, ಭೂಗೋಳದ ಪುಸ್ತಕ, ಡಬ್ಬ ಹಿಡ್ಕೊಂಡು ನಿಂತ ಅಣ್ಣ, ಎಲ್ಲ ಕಣ್ಮುಂದೆ ಬಂತು. ಕುದಿಸಿದ ಎಣ್ಣೆ ಅಂದೋಳು ನಾನು. ಹೋಗು, ತಲೆ ತಿನ್ಬೇಡ ಅಂದೋಳೂ ನಾನೇ.

ಮೂರು ಜನಾನೂ ನನ್ನ ಬಾಯಿ ನೋಡ್ತಿದ್ರು. ನಾನೇ ಓದಿದ್ದು ಅಂದ್ರೆ ಇಂಗ್ಲಿಷ್ ಬರದ ಟೀಚರಮ್ಮನಿಗೆ ಯಾರು ಕೆಲಸ ಕೊಡ್ತಾರೆ?

"ನಮ್ಮಣ್ಣ ಸಾರ್, ಮಾಡಿದ್ದು. ಓದಿಲ್ಲ, ಅವನಿಗೆ ಇಂಗ್ಲಿಷ್ ಬರಲ್ಲ" ಅಂದೆ.

"ಪಾಪ" ಅಂದ್ರು ಅವರು. "ಅದಕ್ಕೇ ನಿನ್ನಂಥೋರು ಪಾಠ ಹೇಳ್ಬೇಕಮ್ಮ."

ಹೊರಗೆ ಬಂದೆ. ಅಣ್ಣ ಕಾರಿಗೆ ಒರಗದೆ ದೂರ ನಿಂತಿದ್ದ. ಅವನ ಪಂಚೆಯ ಹಿಂಭಾಗಾನೂ ಕೆಂಪಾಗಿತ್ತು, ದಾರೀಲಿ ಹೋಗೋರೆಲ್ಲ ನೋಡಿ ನಗ್ತಿದ್ರು. ನನ್ನ ಸೀರೆ ನೋಡಿ ಅವನ ಮುಖ ಬಿಳಿಚ್ಕೊಳ್ತು. ನನಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ಬೀದಿ ನಡುವೆ ನಿಂತು ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದೆ. ದಡ್ಡ ಅಂದೆ, ಕತ್ತೆ ಅಂದೆ, ಹರಳೆಣ್ಣೆ ಹಾಕೋಕೆ ನಿನಗೆ ತಲೇಲಿ ಮೆದುಳಿದ್ಯಾ ಅಂದೆ. ತಪ್ಪು ನಂದು ಅಂತ ಗೊತ್ತಾದಷ್ಟೂ ಗಂಟಲು ಜೋರಾಗ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅವತ್ತು ಬರೆ ಎಳೆದೋಳು ನಾನು.

ಅಣ್ಣ ನನ್ನ ಮುಖಾನೇ ಒಂದು ಗಳಿಗೆ ನೋಡಿದ.

"ಓಗ್ಲಿ ಬುಡು. ಕೆಲ್ಸ ಸಿಗ್ತದಾ?" ಅಂದ.

ಊರಲ್ಲಿ ಸುದ್ದಿ ಹರಡೋದಕ್ಕೆ ಎಷ್ಟು ಹೊತ್ತು? ಅವ್ವ ಗಡಿಗೆ ನೋಡಿ ಅವನನ್ನ ಪೊರಕೆ ತಗೊಂಡು ಅಟ್ಟಿಸ್ಕೊಂಡು ಹೋದ್ಲು. ಹರಳೆಣ್ಣೆ ರಾಮಕೃಷ್ಣಪ್ಪ ಅಂತ ಹೆಸರು ಬಿತ್ತು. ಅರಳಿಕಟ್ಟೆ ಹತ್ರ ಅವನು ಹೋದ್ರೆ, "ಏನಣ್ಣೋ, ಬೇದಿಗೆ ಒಂದೀಟು ಕೊಡ್ತೀಯಾ?" ಅನ್ನೋರು. ಕಾರು ಬಾಡಿಗೆಗೆ ಕರೆಯೋರೇ ಇಲ್ಲ, ಕೂತ್ರೆ ಕಚ್ಚೆ ಕೆಂಪಾಗುತ್ತೆ ಅಂತ ಗೇಲಿ. ಅವನು ಸೀಮೆಎಣ್ಣೆ ಬಟ್ಟೆ ಹಿಡ್ಕೊಂಡು ದಿನಾ ಆ ಸೀಟು ಉಜ್ತಾನೇ ಇದ್ದ. ನಾನು ಒಳಗಿಂದ ನೋಡ್ತಿದ್ದೆ. ನನ್ನ ಅಣ್ಣ ದೊಡ್ಡ ಮನುಷ್ಯ, ತಂಗಿ ಮಾನ ಕಾಯೋಕೆ ಬಾಯಿ ಮುಚ್ಕೊಂಡಿದಾನೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದ್ದೆ. ಅವನ ಮೇಲೂ ಕೋಪ ಬರ್ತಿತ್ತು. ಒಂದು ಸಲ ಬೈದುಬಿಟ್ರೆ ನನ್ನ ಪಾಪ ತೀರ್ತಿತ್ತಲ್ಲ, ಬೈಯಲ್ಲ ಯಾಕೆ ಅಂತ.

ಮೇ ತಿಂಗಳಲ್ಲಿ ಆರ್ಡರ್ ಬಂತು. ನಾಗಸಂದ್ರದ ಸ್ಕೂಲು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದ್ಲು, ಜಗಲಿ ತುಂಬ ಜನ. ಪಟಾಲಮ್ಮತ್ತೆ ಸಕ್ಕರೆ ಬಾಯಿಗೆ ಹಾಕ್ಕೊಂಡು, "ಆ ಹರಳೆಣ್ಣೆ ದಡ್ಡ ಎಷ್ಟು ಕೆಡಿಸಿದ್ರೂ ನನ್ನವ್ವ ಗೆದ್ದು ಬಂದ್ಲಲ್ಲ. ಒಂದೇ ಒಟ್ಟೇಲಿ ಉಟ್ಟಿ ಒಂದು ಅಂಗೆ, ಒಂದು ಇಂಗೆ" ಅಂದ್ಲು. ಎಲ್ಲರೂ ಹೋ ಅಂತ ನಕ್ಕರು. ಅಣ್ಣ ಕಾರಿನ ಪಕ್ಕ ನಿಂತು ಬಟ್ಟೆ ಹಿಂಡ್ತಿದ್ದ.

ನನಗೆ ತಡೆಯೋಕಾಗ್ಲಿಲ್ಲ. ಎದ್ದು ನಿಂತು ಕೂಗಿದೆ. "ಮುಚ್ಚು ಬಾಯಿ, ಅತ್ತೆ! ಡಬ್ಬ ಓದಿ ಹೇಳಿದೋಳು ನಾನು. ಕುದಿಸಿದ ಎಣ್ಣೆ ಹಾಕು ಅಂದೋಳು ನಾನು. ದಡ್ಡಿ ಅಂದ್ರೆ ನಾನೇ, ನಗೋದಿದ್ರೆ ನನ್ನ ನೋಡಿ ನಗ್ರಿ!"

ಪಟಾಲಮ್ಮತ್ತೆ ಕಣ್ಣಲ್ಲಿ ನೀರು ತಂದ್ಕೊಂಡು, ಎರಡೂ ಕೈಲಿ ನನ್ನ ಕೆನ್ನೆ ನೀವಿ ನೆಟಿಕೆ ಮುರಿದ್ಲು.

"ನೋಡಿದ್ರಾ, ನೋಡಿದ್ರಾ! ಅಣ್ಣನ್ನ ಯಾರಾನ ಆಡ್ಕಂಡ್ರೆ ಸಹಿಸಲ್ಲ. ತಪ್ಪು ತನ್ ಮೇಲೆ ಆಕ್ಕೊಂಡ್ಳು. ಓದ್ದೋರ ಗುಣ ಅಂದ್ರೆ ಇದು ಕಣ್ರವ್ವ."

"ನಿಜ ಹೇಳ್ತಿದೀನಿ!" ಅಂತ ಕಿರುಚಿದೆ. "ಆಯ್ತು ತಾಯಿ, ಆಯ್ತು" ಅಂದ್ರು ಎಲ್ಲ. ಅವ್ವ ನನ್ನ ದೃಷ್ಟಿ ತೆಗೆಯೋಕೆ ಉಪ್ಪು ಮೆಣಸಿನಕಾಯಿ ತರೋಕೆ ಒಳಗೆ ಹೋದ್ಲು. ನಿಜ ಹೇಳಿದ್ದಕ್ಕೂ ನನಗೇ ಹೊಗಳಿಕೆ. ಅಲ್ಲೇ ಗೋಡೆಗೆ ತಲೆ ಚಚ್ಕೊಳ್ಳೋಣ ಅನ್ನಿಸ್ತು.

ಕೆಲಸಕ್ಕೆ ಸೇರೋ ದಿನ ಅಣ್ಣಾನೇ ಕಾರಲ್ಲಿ ಕರ್ಕೊಂಡು ಹೊರಟ. ಸೀಟಿನ ಮೇಲೆ ಗೋಣಿಚೀಲ ಹೊಲಿದು ಹಾಕಿದ್ದ. ಯಶವಂತಪುರ ದಾಟಿ ತುಮಕೂರು ರಸ್ತೆಗೆ ಬಂದ್ವಿ. ಕೊನೆಗೆ ನಾನೇ ಕೇಳಿದೆ.

"ಅಣ್ಣ, ಓದಿ ಹೇಳಿದ್ದು ನಾನು ಅಂತ ಅವತ್ತೇ ಯಾಕೆ ಹೇಳ್ಲಿಲ್ಲ? ನನ್ನ ಮಾನ ಹೋಗುತ್ತೆ ಅಂತ ಸುಮ್ಮನಿದ್ಯಾ?"

ಅಣ್ಣ ಕಾರು ಪಕ್ಕಕ್ಕೆ ಎಳೆದು ನಿಲ್ಲಿಸಿದ. ಅವನಿಗೆ ಕೋಪ ಬಂದಿದ್ದು ನಾನು ಅದುವರೆಗೆ ನೋಡಿರಲಿಲ್ಲ. ಕತ್ತಿನ ನರ ಉಬ್ಬಿತ್ತು.

"ನಿನ್ ಮಾನ! ನಿಂಗೆ ಎಲ್ಲ ನಿಂದೇ. ಮೊನ್ನೆ ಅಷ್ಟು ಜನದ ಮುಂದೆ ನೀನೇ ಕೂಗಿ ಏಳಿದ್ಯಲ್ಲ, ಒಬ್ರಾನ ನಂಬಿದ್ರಾ? ನೀನು ಏಳಿದ್ರೇ ನಂಬ್ಲಿಲ್ಲ. ನಾನು ಏಳಿದ್ರೆ ಯಾವನು ನಂಬ್ತಿದ್ದ? ಓದ್ದೋಳ ಮೇಲೆ ಎತ್ತಾಕ್ತಾನೆ ಅಂತ ಇನ್ನೊಂದ್ ಸಲ ಉಗೀತಿದ್ರು. ಏಳೋ ಬಾಯಿ ಇದ್ದದ್ದು ನಿಂಗೊಬ್ಳಿಗೇ. ಅವತ್ತು ಆಫೀಸ್ ಮುಂದೆ ನಿಂತು ಕಾಯ್ತಿದ್ದೆ ಕಣೇ, ಈಗ ನಿಜ ಏಳ್ತಾಳೆ, ಈಗ ಏಳ್ತಾಳೆ ಅಂತ. ನೀನು ಕತ್ತೆ ಅಂದೆ."

ಅವನು ಗೇರು ಹಾಕಿ, ಕಾರು ಮುಂದಕ್ಕೆ ಬಿಟ್ಟು, ಸ್ಕೂಲಿನ ಗೇಟ್ ಮುಂದೆ ನಿಲ್ಲಿಸಿದ. ಇಳಿದು ಬಂದು ನನ್ನ ಕಡೆ ಬಾಗಿಲು ತೆಗೆದ. ನಾನು ಇಳಿದ ಮೇಲೆ ಸೀರೆ ಹಿಂದೆ ಒಂದು ಸಲ ಬಗ್ಗಿ ನೋಡಿದ.

"ಏನೂ ಅಂಟಿಲ್ಲ. ಓಗು, ಟೀಚರಮ್ಮ" ಅಂದ.

ಒಳಗೆ ಮಕ್ಕಳು ಎದ್ದು ನಿಂತು ನಮಸ್ತೆ ಅಂದ್ರು. ನಾನು ಅವರ ಮುಖ ನೋಡೋಕಾಗದೆ, ಅವರಿಗೆ ಬೆನ್ನು ಮಾಡಿ ಬೋರ್ಡಿನ ಕಡೆ ತಿರುಗಿ, ಬಹಳ ಹೊತ್ತು ಏನೂ ಬರೀದೆ ನಿಂತಿದ್ದೆ.